ರಂಧ್ರಪಟ್ಟಿ ಕಲಿಸುವ ಪಾಠ: ಲೆಕ್ಕಪತ್ರಗಳ ದೀರ್ಘಕಾಲದ ಸಂರಕ್ಷಣೆ

ವ್ಯಾಪಾರಸ್ಥನಿಗೆ ಲೆಕ್ಕ ಬರೆಯುವುದು ಎಷ್ಟು ಮುಖ್ಯವೋ ಬರೆದ ಲೆಕ್ಕವನ್ನು ಕಾಪಾಡಿಕೊಳ್ಳುವುದೂ ಅಷ್ಟೇ ಮುಖ್ಯ. ಬರೆಯುವ ಕೆಲಸಕ್ಕೆ ನಾವು ಗುಮಾಸ್ತರನ್ನು ನೇಮಿಸಿಕೊಳ್ಳುತ್ತೇವೆ, ಗಣಕಯಂತ್ರಗಳನ್ನು ಕೊಳ್ಳುತ್ತೇವೆ, ಲೆಕ್ಕಪರಿಶೋಧಕರಿಗೆ ಶುಲ್ಕ ತೆರುತ್ತೇವೆ. ಕಾಪಾಡುವ ಕೆಲಸವನ್ನು ಮಾತ್ರ ಒಂದು ಬ್ಯಾಕಪ್ ಪ್ರತಿಗೆ ಒಪ್ಪಿಸಿ ನಿಶ್ಚಿಂತರಾಗುತ್ತೇವೆ. ಈ ನಿಶ್ಚಿಂತೆಗೆ ಬೆಲೆ ತೆತ್ತ ಒಂದು ಪ್ರಸಂಗವನ್ನು ಮೊದಲು ಹೇಳಿ, ಅನಂತರ ಈಗ ಬಹುತೇಕ ಮರೆತುಹೋಗಿರುವ ಒಂದು ಹಳೆಯ ಸಾಧನದ ಕಡೆಗೆ ಸದಸ್ಯ ಬಂಧುಗಳ ಗಮನವನ್ನು ಸೆಳೆಯಬಯಸುತ್ತೇನೆ.

ಮಲೆನಾಡಿನ ಒಂದು ಅಡಿಕೆ ಮಂಡಿ. ಮೂವರು ಸಹೋದರರ ಪಾಲುದಾರಿಕೆ. 1998ರಲ್ಲಿ ಅವರ ಲೆಕ್ಕ ಪರಿಶೋಧಿಸುತ್ತಿದ್ದವನು ನಾನು. ಆಗಷ್ಟೇ ಗಣಕಯಂತ್ರ ಬಂದಿತ್ತು. ಹಿರಿಯ ಸಹೋದರರು ವರ್ಷಾಂತ್ಯದಲ್ಲಿ ಇಡೀ ಖಾತಾವಹಿಯನ್ನು ಡಾಟ್ ಮ್ಯಾಟ್ರಿಕ್ಸ್ ಮುದ್ರಕದಲ್ಲಿ ಮುದ್ರಿಸಿ, ದಾರ ಹಾಕಿ ಹೊಲಿಸಿ, ಪ್ರತಿ ಪುಟಕ್ಕೂ ರುಜು ಮಾಡಿ ಇಡುತ್ತಿದ್ದರು. ವೃತ್ತಿಗೆ ಹೊಸಬನಾದ ನಾನು, “ಇಷ್ಟೊಂದು ಕಾಗದ ಏಕೆ ವ್ಯರ್ಥ ಮಾಡುತ್ತೀರಿ? ಫ್ಲಾಪಿಯಲ್ಲಿ ಎಲ್ಲವೂ ಇದೆಯಲ್ಲ” ಎಂದೆ. ಅವರು ನನ್ನ ಮಾತಿಗೆ ಬೆಲೆ ಕೊಟ್ಟರು. ಮರುವರ್ಷದಿಂದ ಮುದ್ರಣ ನಿಂತಿತು.

ಸುಮಾರು ಹದಿನೈದು ವರ್ಷಗಳ ಅನಂತರ ಆ ಹಿರಿಯರು ತೀರಿಕೊಂಡರು. ಅವರು ಸಂಸ್ಥೆಗೆ ಕೊಟ್ಟಿದ್ದ ಸ್ವಂತ ಸಾಲ ಎಷ್ಟು, ಅದಕ್ಕೆ ಜಮೆಯಾದ ಬಡ್ಡಿ ಎಷ್ಟು ಎಂಬ ಪ್ರಶ್ನೆ ಅವರ ಪತ್ನಿಗೂ ಉಳಿದ ಪಾಲುದಾರರಿಗೂ ನಡುವೆ ಎದ್ದಿತು. ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹದಿನಾಲ್ಕು ಫ್ಲಾಪಿಗಳು ಸಿಕ್ಕವು. ಒಂಬತ್ತನ್ನು ಯಾವ ಯಂತ್ರವೂ ಓದಲಿಲ್ಲ. ಉಳಿದ ಐದರಲ್ಲಿ ಫೈಲುಗಳಿದ್ದವು. ಅವುಗಳನ್ನು ತೆರೆಯಬಲ್ಲ ತಂತ್ರಾಂಶ ಯಾರ ಬಳಿಯೂ ಇರಲಿಲ್ಲ, ಅದನ್ನು ಬರೆದುಕೊಟ್ಟವರು ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಕೊನೆಗೆ ಕೈಗೆ ಸಿಕ್ಕಿದ್ದು ಟ್ರಂಕಿನ ತಳದಲ್ಲಿದ್ದ 31-3-1998ರ ಹೊಲಿಗೆ ಹಾಕಿದ ಪ್ರತಿ. ಆ ದಿನದವರೆಗಿನ ಸಾಲಕ್ಕೆ ಯಾರೂ ತಕರಾರು ಮಾಡಲಿಲ್ಲ. ಆಮೇಲಿನ ಐದು ವರ್ಷಗಳ ಬಡ್ಡಿಯನ್ನು ಮಾತ್ರ ಆ ತಾಯಿ ರಾಜಿಯಲ್ಲಿ ಬಿಟ್ಟುಕೊಡಬೇಕಾಯಿತು. “ಪುಸ್ತಕ ಇದ್ದಿದ್ದರೆ ನಾನೇ ಓದಿ ತೋರಿಸುತ್ತಿದ್ದೆ, ಆಡಿಟರೇ” ಎಂದಷ್ಟೇ ಅವರು ಹೇಳಿದರು. ಪುಸ್ತಕವನ್ನು ನಿಲ್ಲಿಸಿದವನು ನಾನೆಂಬುದು ಅವರಿಗೆ ತಿಳಿದಿರಲಿಲ್ಲ. ಅಂದೇ ನಾನು ಅವರಿಗೆ ತಿಳಿಸಿದೆ.

ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ ಇದು: ದಾಖಲೆಯೊಂದು ಇಪ್ಪತ್ತು, ಮೂವತ್ತು ವರ್ಷ ಬಾಳಬೇಕಾದರೆ ಅದಕ್ಕೆ ಯಾವ ಗುಣಗಳಿರಬೇಕು? ಇದಕ್ಕೆ ಉತ್ತರ ಹುಡುಕುವಾಗ ನೆನಪಾದದ್ದು ಪಂಚ್ಡ್ ಪೇಪರ್ ಟೇಪ್, ಅಂದರೆ ರಂಧ್ರಗಳುಳ್ಳ ಕಾಗದದ ಪಟ್ಟಿ. ಇದನ್ನು ಇಲ್ಲಿ ರಂಧ್ರಪಟ್ಟಿ ಎಂದು ಕರೆಯೋಣ.

ಟೆಲೆಕ್ಸ್ ಕೋಣೆಯಲ್ಲಿ ಕಂಡದ್ದು

1991ರಲ್ಲಿ ನಾನು ತರಬೇತಿಯಲ್ಲಿದ್ದಾಗ ಮಂಗಳೂರಿನ ಒಂದು ಗೋಡಂಬಿ ರಫ್ತು ಸಂಸ್ಥೆಯ ಲೆಕ್ಕ ನೋಡಲು ಹೋಗಿದ್ದೆ. ಅಲ್ಲಿ ಟೆಲೆಕ್ಸ್ ಯಂತ್ರವಿತ್ತು. ವಿದೇಶಿ ಕರೆಯ ಶುಲ್ಕ ಕಾಲದ ಲೆಕ್ಕದಲ್ಲಿ ಬೀಳುತ್ತಿದ್ದುದರಿಂದ, ಆಪರೇಟರ್ ಸಂದೇಶವನ್ನು ಮೊದಲೇ ನಿಧಾನವಾಗಿ ಕಾಗದದ ಪಟ್ಟಿಯ ಮೇಲೆ ರಂಧ್ರಗಳಾಗಿ ಕೊರೆದುಕೊಂಡು, ಸಂಪರ್ಕ ಸಿಕ್ಕ ಕೂಡಲೇ ಪಟ್ಟಿಯನ್ನು ಯಂತ್ರದ ಪೂರ್ಣ ವೇಗದಲ್ಲಿ ಓಡಿಸುತ್ತಿದ್ದರು. ಬೆರಳಿನ ತಪ್ಪಿಗೂ ಯೋಚನೆಯ ಹೊತ್ತಿಗೂ ಶುಲ್ಕ ಬೀಳುತ್ತಿರಲಿಲ್ಲ. ನನ್ನನ್ನು ಬೆರಗುಗೊಳಿಸಿದ್ದು ಮತ್ತೊಂದು ಸಂಗತಿ. ಅವರು ಪಟ್ಟಿಯನ್ನು ಬೆಳಕಿಗೆ ಹಿಡಿದು, ಯಾವ ಯಂತ್ರದ ನೆರವೂ ಇಲ್ಲದೆ, ಗಿರಾಕಿಯ ಹೆಸರನ್ನೂ ದರವನ್ನೂ ಓದಿ ಹೇಳುತ್ತಿದ್ದರು.

ಈ ಸಾಧನದ ಇತಿಹಾಸ ದೀರ್ಘವಾದದ್ದು. 1725ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಬಾಸಿಲ್ ಬುಶೋನ್ ರೇಷ್ಮೆ ಮಗ್ಗದ ವಿನ್ಯಾಸವನ್ನು ನಿಯಂತ್ರಿಸಲು ರಂಧ್ರಗಳುಳ್ಳ ಕಾಗದದ ಸುರುಳಿಯನ್ನು ಬಳಸಿದನು. 1846ರಲ್ಲಿ ಅಲೆಕ್ಸಾಂಡರ್ ಬೇನ್ ತಂತಿ ಸಂದೇಶ ಕಳುಹಿಸಲು ಅದನ್ನೇ ಬಳಸುವ ವಿಧಾನವನ್ನು ರೂಪಿಸಿದನು. 1944ರಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಶತ್ರುವಿನ ಗೂಢಲಿಪಿ ಬಿಡಿಸಲು ನಿರ್ಮಿಸಿದ ಕೊಲೊಸಸ್ ಯಂತ್ರವು ಸೆಕೆಂಡಿಗೆ 5,000 ಅಕ್ಷರಗಳ ವೇಗದಲ್ಲಿ ರಂಧ್ರಪಟ್ಟಿಯನ್ನು ಓದುತ್ತಿತ್ತು. 1949ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಕೆಲಸ ಆರಂಭಿಸಿದ ಎಡ್ಸ್ಯಾಕ್ ಗಣಕಕ್ಕೆ ಕಾರ್ಯಕ್ರಮಗಳನ್ನು ಊಡಿಸುತ್ತಿದ್ದುದೂ ಇದರಿಂದಲೇ. 1975ರಲ್ಲಿ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಆಲ್ಟೇರ್ ಗಣಕಕ್ಕಾಗಿ ಬರೆದ ಬೇಸಿಕ್ ತಂತ್ರಾಂಶ ಗ್ರಾಹಕರ ಕೈ ಸೇರಿದ್ದು ಕೂಡ ರಂಧ್ರಪಟ್ಟಿಯ ಸುರುಳಿಗಳಾಗಿ. ಸಂಖ್ಯಾ ನಿಯಂತ್ರಿತ ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳ ಮೊದಲ ತಲೆಮಾರುಗಳೂ ಇದನ್ನೇ ಓದುತ್ತಿದ್ದುದನ್ನು ನಮ್ಮ ಕೈಗಾರಿಕಾ ಸದಸ್ಯರಲ್ಲಿ ಹಿರಿಯರು ಬಲ್ಲರು. ಕಾಂತೀಯ ಸಾಧನಗಳು ಅಗ್ಗವಾದಂತೆ ರಂಧ್ರಪಟ್ಟಿ ಹಿಂದೆ ಸರಿಯಿತು. ನಮ್ಮ ದೇಶದಲ್ಲಿ 2013ರ ಜುಲೈ ತಿಂಗಳಲ್ಲಿ ಟೆಲಿಗ್ರಾಂ ಸೇವೆಯೇ ಕೊನೆಗೊಂಡಿತು.

ಕಣ್ಣಿಗೆ ಕಾಣುವ ಅಕ್ಷರ

ಗಣಕಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಪಟ್ಟಿಯ ಅಗಲ ಒಂದು ಅಂಗುಲ, ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅಗಲದಲ್ಲಿ ಎಂಟು ರಂಧ್ರಗಳಿಗೆ ಸ್ಥಾನ. ಮೂರನೆಯ ಮತ್ತು ನಾಲ್ಕನೆಯ ಸ್ಥಾನಗಳ ನಡುವೆ ಪಟ್ಟಿಯನ್ನು ಎಳೆಯುವ ಹಲ್ಲುಗಾಲಿಗಾಗಿ ಸಣ್ಣ ರಂಧ್ರಗಳ ಸಾಲು ಉದ್ದಕ್ಕೂ ಇರುತ್ತದೆ. ಒಂದು ಅಡ್ಡಸಾಲು ಒಂದು ಅಕ್ಷರ. ಒಂದು ಅಂಗುಲ ಉದ್ದದಲ್ಲಿ ಹತ್ತು ಅಕ್ಷರ. ಆಸ್ಕಿ ಸಂಕೇತದಲ್ಲಿ ಇಂಗ್ಲಿಷಿನ ‘ಎ’ ಅಕ್ಷರಕ್ಕೆ ಮೊದಲನೆಯ ಮತ್ತು ಏಳನೆಯ ಸ್ಥಾನಗಳಲ್ಲಿ ರಂಧ್ರ. ಅಂಕಿ 5ಕ್ಕೆ ಒಂದು, ಮೂರು, ಐದು ಮತ್ತು ಆರನೆಯ ಸ್ಥಾನಗಳಲ್ಲಿ. ರಂಧ್ರವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಇದಕ್ಕಿಂತ ಹೆಚ್ಚಿನ ರಹಸ್ಯ ಇದರಲ್ಲಿಲ್ಲ.

ಹಾಗಾಗಿ ಯಂತ್ರ ಹಾಳಾದರೂ, ಅದನ್ನು ತಯಾರಿಸಿದ ಸಂಸ್ಥೆಯೇ ಮುಚ್ಚಿಹೋದರೂ, ಸಂಕೇತಸೂಚಿಯ ಒಂದು ಪುಟ ಕೈಯಲ್ಲಿದ್ದರೆ ತಾಳ್ಮೆಯುಳ್ಳ ಯಾರಾದರೂ ಪಟ್ಟಿಯನ್ನು ಓದಬಹುದು. ಓದುವ ಯಂತ್ರವನ್ನು ಹೊಸದಾಗಿ ಮಾಡಿಕೊಳ್ಳುವುದೂ ಕಷ್ಟವಲ್ಲ. ಬೆಳಕನ್ನು ಗುರುತಿಸುವ ಎಂಟು ಸಂವೇದಕಗಳಿದ್ದರೆ ಡಿಪ್ಲೊಮಾ ಕಲಿಯುವ ಹುಡುಗರೂ ಅದನ್ನು ಜೋಡಿಸಬಲ್ಲರು. ಹಳೆಯ ಆಪರೇಟರುಗಳು ಸುರುಳಿಯ ಆರಂಭದಲ್ಲಿ ಅಕ್ಷರಗಳ ಆಕಾರದಲ್ಲಿಯೇ ರಂಧ್ರ ಕೊರೆದು, ಒಳಗೇನಿದೆ ಎಂಬ ಶೀರ್ಷಿಕೆಯನ್ನು ಬರೆಯುತ್ತಿದ್ದುದೂ ಉಂಟು. ನನ್ನ ಕಕ್ಷಿದಾರರ ಹದಿನಾಲ್ಕು ಫ್ಲಾಪಿಗಳಲ್ಲಿ ಇಲ್ಲದೇ ಹೋದ ಗುಣ ಇದೇ.

ಸ್ಥಳದ ಲೆಕ್ಕ

ಹಾಗಾದರೆ ನಮ್ಮ ಲೆಕ್ಕಪತ್ರಗಳನ್ನೆಲ್ಲ ರಂಧ್ರಪಟ್ಟಿಗೆ ಇಳಿಸಬಹುದೇ? ಲೆಕ್ಕಪರಿಶೋಧಕನಾದ ನಾನು ಅಂಕಿಗಳನ್ನು ಮುಂದಿಡಲೇಬೇಕು. 1,000 ಅಡಿಯ ಒಂದು ಸುರುಳಿಯಲ್ಲಿ ಹಿಡಿಯುವುದು 1,20,000 ಅಕ್ಷರ. ಒಂದು ಸಾಮಾನ್ಯ ಫ್ಲಾಪಿಯ ಮಾಹಿತಿಗೆ ಇಂಥ ಹನ್ನೆರಡಕ್ಕೂ ಹೆಚ್ಚು ಸುರುಳಿ ಬೇಕು. ಹತ್ತು ಲಕ್ಷ ಅಕ್ಷರಗಳ ಒಂದು ಮೆಗಾಬೈಟಿಗೆ ಬೇಕಾಗುವ ಉದ್ದ 2.54 ಕಿಲೋಮೀಟರ್, ಒಂದು ಗಿಗಾಬೈಟಿಗೆ 2,540 ಕಿಲೋಮೀಟರ್. ಕೀಲಿಗೊಂಚಲಿಗೆ ಕಟ್ಟಿಕೊಳ್ಳುವ 16 ಗಿಗಾಬೈಟಿನ ಪೆನ್‌ಡ್ರೈವಿಗೆ ಸಮನಾದ ಪಟ್ಟಿ 40,640 ಕಿಲೋಮೀಟರ್ ಆಗುತ್ತದೆ. ಭೂಮಧ್ಯರೇಖೆಯ ಸುತ್ತಳತೆ 40,075 ಕಿಲೋಮೀಟರ್. ಭೂಮಿಗೆ ಒಂದು ಸುತ್ತು ಬಿಗಿದರೂ ಪಟ್ಟಿ ಮಿಗುತ್ತದೆ! 1963ರಲ್ಲಿ ಬಂದು ಬಹಳ ಜನಪ್ರಿಯವಾದ ಟೆಲಿಟೈಪ್ ಮಾದರಿ 33 ಯಂತ್ರ ಸೆಕೆಂಡಿಗೆ ಹತ್ತು ಅಕ್ಷರ ಕೊರೆಯುತ್ತಿತ್ತು. ಅದು ಹಗಲಿರುಳು ನಡೆದರೂ ಈ ಪೆನ್‌ಡ್ರೈವನ್ನು ಇಳಿಸಲು ಸುಮಾರು 50 ವರ್ಷ ಬೇಕಾಗುತ್ತದೆ. ಸ್ಕ್ಯಾನ್ ಮಾಡಿದ ಬಿಲ್ಲುಗಳಿಗೂ ಛಾಯಾಚಿತ್ರಗಳಿಗೂ ಈ ಸಾಧನ ಒದಗದು ಎಂಬುದು ಇದರಿಂದ ಸ್ಪಷ್ಟ.

ಇನ್ನೊಂದು ಲೆಕ್ಕವನ್ನೂ ನೋಡೋಣ. ಮಧ್ಯಮ ಗಾತ್ರದ ಒಂದು ಸಂಸ್ಥೆಯಲ್ಲಿ 300 ಖಾತೆಗಳಿವೆ ಎಂದಿಟ್ಟುಕೊಳ್ಳಿ. ವರ್ಷಾಂತ್ಯದ ತಾಳೆಪಟ್ಟಿಯಲ್ಲಿ ಪ್ರತಿ ಖಾತೆಗೆ ಹೆಸರೂ ಮೊತ್ತವೂ ಸೇರಿ 50 ಅಕ್ಷರ ಹಿಡಿದರೆ ಒಟ್ಟು 15,000 ಅಕ್ಷರ. ಇದಕ್ಕೆ ಬೇಕಾದ ಪಟ್ಟಿ 125 ಅಡಿ, ಕೊರೆಯಲು ಬೇಕಾದ ಸಮಯ 25 ನಿಮಿಷ. ಊಟದ ತಟ್ಟೆಗಿಂತ ಚಿಕ್ಕದಾದ ಒಂದೇ ಸುರುಳಿಯಲ್ಲಿ ಎಂಟು ವರ್ಷಗಳ ತಾಳೆಪಟ್ಟಿ ಅಡಗುತ್ತದೆ. ಕಂಪನಿ ಕಾಯಿದೆ ನಮ್ಮಿಂದ ಕೇಳುವುದೂ ಎಂಟು ವರ್ಷಗಳ ದಾಖಲೆಯನ್ನೇ ಎಂಬುದು ಒಂದು ಸ್ವಾರಸ್ಯಕರ ಕಾಕತಾಳೀಯ.

ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿಯೇ ಮೊದಲ ಪಾಠವಿದೆ. ನಾವು ಕೂಡಿಡುವ ಮಾಹಿತಿ ಅಪಾರ; ವಿವಾದ ಬಂದಾಗ ಗತಿಯಾಗುವ ಮಾಹಿತಿ ಅತ್ಯಲ್ಪ. ಆ ಅತ್ಯಲ್ಪವನ್ನು ಗುರುತಿಸಿ ಬೇರೆಯಾಗಿ ಕಾಪಾಡುವ ಪದ್ಧತಿ ನಮ್ಮಲ್ಲಿ ಬಹುಮಂದಿಗೆ ಇಲ್ಲ.

ಕಡತ ಮತ್ತು ಶಾಸನ

ಈ ವಿವೇಕ ನಮ್ಮ ಹಿರಿಯರಿಗೆ ಹೊಸದಲ್ಲ. ಇಂದು ನಾವು ಫೈಲಿಗೆ ಬಳಸುವ ‘ಕಡತ’ ಎಂಬ ಪದ ಮೂಲತಃ ಒಂದು ಬಗೆಯ ಬಟ್ಟೆಯ ಪುಸ್ತಕಕ್ಕೆ ಸಲ್ಲುತ್ತಿತ್ತು. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಗಳಾಗಿ ಮಡಿಚಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಕನ್ನಡ ನಾಡಿನ ವರ್ತಕರು ಲೆಕ್ಕ ಇಡುತ್ತಿದ್ದುದು ಇದರಲ್ಲಿ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಅಮೂಲ್ಯ ಆಕರಗಳಾಗಿವೆ. ಕಡತದ ಬಟ್ಟೆ ಗಟ್ಟಿ, ಆದರೆ ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಬಹುದು. ದತ್ತಿ, ಉಂಬಳಿಗಳಂಥ ತಲೆಮಾರುಗಳ ಹಕ್ಕನ್ನು ಅದಕ್ಕಾಗಿಯೇ ಕಲ್ಲಿನ ಮೇಲೋ ತಾಮ್ರಪಟದ ಮೇಲೋ ಕೆತ್ತಿಸುತ್ತಿದ್ದರು. ನಿತ್ಯದ ವ್ಯವಹಾರಕ್ಕೆ ಒಂದು ಸಾಧನ, ಸ್ಥಿರವಾದ ಹಕ್ಕಿಗೆ ಮತ್ತೊಂದು. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನವನ್ನು ಇಂದಿಗೂ ಓದಲು ಸಾಧ್ಯವಾಗಿರುವುದು ಕಲ್ಲು ಉಳಿದಿದೆ ಎಂಬುದರಿಂದ ಮಾತ್ರವಲ್ಲ, ಲಿಪಿಯನ್ನು ಬಲ್ಲವರು ಉಳಿದಿದ್ದಾರೆ ಎಂಬುದರಿಂದಲೂ.

ರಂಧ್ರಪಟ್ಟಿಗೂ ಅದರದೇ ಆದ ದೌರ್ಬಲ್ಯಗಳಿವೆ. ಅಗ್ಗದ, ಆಮ್ಲಯುಕ್ತ ಕಾಗದ ಕೆಲವು ದಶಕಗಳಲ್ಲಿ ಹಳದಿಯಾಗಿ ಪುಡಿಯಾಗುತ್ತದೆ. ಕೊರೆಯುವ ಸೂಜಿಗಳು ಸವೆಯದಿರಲೆಂದು ಎಣ್ಣೆ ಹಾಕಿದ ಕಾಗದವನ್ನು ಬಳಸುತ್ತಿದ್ದುದರಿಂದ ಕಲೆಗಳೂ ಬೀಳುತ್ತಿದ್ದವು. ಗೆದ್ದಲು, ಬೆಳ್ಳಿಮೀನು ಹುಳು, ಕರಾವಳಿಯ ತೇವ ಇವೆಲ್ಲವೂ ಕಾಗದದ ಶತ್ರುಗಳೇ. ಪದೇ ಪದೇ ಓಡಿಸಬೇಕಾದ ಪಟ್ಟಿಗಳನ್ನು ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯಲ್ಲಿ ಕೊರೆಯುತ್ತಿದ್ದರು. ಅದು ಹರಿಯುವುದೂ ಕಷ್ಟ, ಕೊಳೆಯುವುದೂ ಕಷ್ಟ. ಇಷ್ಟಾದರೂ ಒಂದು ವಿಷಯದಲ್ಲಿ ಕಾಗದವೇ ಮೇಲು. ಅದು ಕೆಡುವಾಗ ಕಣ್ಣಿಗೆ ಕಾಣುವಂತೆ, ಸ್ವಲ್ಪ ಸ್ವಲ್ಪವಾಗಿ ಕೆಡುತ್ತದೆ. ಅಂಚು ಹರಿದ ಪಟ್ಟಿಯಲ್ಲಿ ಉಳಿದ ಭಾಗ ಓದಲು ಬರುತ್ತದೆ. ಫ್ಲಾಪಿ, ಪೆನ್‌ಡ್ರೈವ್, ಹಾರ್ಡ್ ಡಿಸ್ಕ್‌ಗಳು ಹೊರಗೆ ಹೊಸದರಂತೆ ಕಾಣುತ್ತಲೇ ಒಳಗೆ ಬರಿದಾಗಿರಬಹುದು.

ಅಳಿಸಲಾಗದ ತಪ್ಪು

ಲೆಕ್ಕಪರಿಶೋಧಕನ ಕಣ್ಣಿಗೆ ರಂಧ್ರಪಟ್ಟಿಯ ಅತ್ಯಂತ ಮೆಚ್ಚುಗೆಯ ಗುಣ ಇನ್ನೊಂದು. ಕೊರೆದ ರಂಧ್ರವನ್ನು ಮುಚ್ಚಲಾಗದು. ಬೆರಳಚ್ಚಿನಲ್ಲಿ ತಪ್ಪಾದರೆ ಆಪರೇಟರ್ ಪಟ್ಟಿಯನ್ನು ಒಂದು ಸಾಲು ಹಿಂದಕ್ಕೆ ಸರಿಸಿ, ಆ ಸಾಲಿನ ಎಲ್ಲ ಸ್ಥಾನಗಳಲ್ಲಿಯೂ ರಂಧ್ರ ಕೊರೆಯುತ್ತಿದ್ದರು. ಎಲ್ಲ ರಂಧ್ರಗಳಿರುವ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂಬುದು ನಿಯಮ. ಇಂದಿನ ಗಣಕಗಳಲ್ಲಿ ಅಳಿಸುವ ಸಂಕೇತದ ಸಂಖ್ಯೆ 127 ಆಗಿರುವುದು, ಅಂದರೆ ಏಳೂ ಸ್ಥಾನಗಳಲ್ಲಿ ಒಂದು ಇರುವುದು, ಇದೇ ಪದ್ಧತಿಯ ಕುರುಹು. ತಪ್ಪಿದ ಜಾಗ ಪಟ್ಟಿಯ ಮೇಲೆ ಶಾಶ್ವತವಾಗಿ ಎದ್ದು ಕಾಣುತ್ತದೆ. ನಗದು ಪುಸ್ತಕದಲ್ಲಿ ತಪ್ಪಾದರೆ ಅಳಿಸಬೇಡಿ, ಓದಲು ಬರುವಂತೆ ಗೆರೆ ಹೊಡೆದು ಪಕ್ಕದಲ್ಲಿ ರುಜು ಮಾಡಿ ಎಂದು ನಮ್ಮ ಗುರುಗಳು ಹೇಳಿಕೊಡುತ್ತಿದ್ದುದು ಇದನ್ನೇ.

ಆದರೆ ಮುಚ್ಚಲಾಗದ ಪಟ್ಟಿಯಲ್ಲಿ ಹೊಸ ರಂಧ್ರ ಸೇರಿಸಲು ಬರುತ್ತದೆ. ಇದನ್ನು ತಡೆಯಲು ಎಂಟನೆಯ ಸ್ಥಾನವನ್ನು ತಾಳೆಗಾಗಿ ಮೀಸಲಿಡುವ ರೂಢಿಯಿತ್ತು. ಸಾಲಿನಲ್ಲಿರುವ ಒಟ್ಟು ರಂಧ್ರಗಳು ಸದಾ ಸಮಸಂಖ್ಯೆಯಲ್ಲಿರುವಂತೆ ಎಂಟನೆಯದನ್ನು ಕೊರೆಯುವುದು ಅಥವಾ ಬಿಡುವುದು. ಅಂಕಿ 1ಕ್ಕೆ ಮೂರು ರಂಧ್ರ, ತಾಳೆಯದು ಸೇರಿ ನಾಲ್ಕು. ಅದನ್ನು 3 ಮಾಡಲು ಯಾರಾದರೂ ಒಂದು ರಂಧ್ರ ಸೇರಿಸಿದರೆ ಐದಾಗುತ್ತದೆ, ಯಂತ್ರ ತಕ್ಷಣ ಎಚ್ಚರಿಸುತ್ತದೆ. ಆದರೆ 1 ಅನ್ನು 7 ಮಾಡಲು ಎರಡು ರಂಧ್ರ ಸೇರಿಸಬೇಕು. ಆಗ ಆರಾಗುತ್ತದೆ, ಸಮಸಂಖ್ಯೆಯೇ ಉಳಿಯುತ್ತದೆ, ಯಂತ್ರ ಸುಮ್ಮನಿರುತ್ತದೆ. ಸೊನ್ನೆಯನ್ನು 9 ಮಾಡುವುದಕ್ಕೂ ಎರಡೇ ರಂಧ್ರ ಸಾಕು. ಶಾಯಿಯಲ್ಲಿ ಬರೆದ 1 ಅನ್ನು 7 ಮಾಡುವ ಕೈಚಳಕ ಎಲ್ಲ ವರ್ತಕರಿಗೂ ಗೊತ್ತಿರುವುದೇ. ಅದು ಇಲ್ಲಿಯೂ ನಡೆಯುತ್ತದೆ!

ಇದಕ್ಕೆ ಮದ್ದು ಪಟ್ಟಿಯಲ್ಲಿಲ್ಲ, ಲೆಕ್ಕಶಾಸ್ತ್ರದಲ್ಲಿದೆ. ಪ್ರತಿ ಪುಟಕ್ಕೆ ಮೊತ್ತ, ಮೊತ್ತಗಳಿಗೆ ಮಹಾಮೊತ್ತ, ಖರ್ಚಿಗೆ ಜಮೆಯ ತಾಳೆ, ಮತ್ತು ಆ ಮೊತ್ತದ ಒಂದು ಪ್ರತಿ ಬೇರೊಬ್ಬರ ಕೈಯಲ್ಲಿ. ರಂಧ್ರ ಸೇರಿಸಬಹುದೇ ಹೊರತು ತೆಗೆಯಲು ಬಾರದ ಕಾರಣ, ವಂಚಕನು ಒಂದು ಅಂಕಿಯನ್ನು ತಿದ್ದಿದರೂ ಎಲ್ಲ ಮೊತ್ತಗಳನ್ನೂ ಹೊಂದಿಸುವುದು ಸಾಮಾನ್ಯವಾಗಿ ಆಗದ ಮಾತು. ಸಾಧನ ಯಾವುದೇ ಇರಲಿ, ತಾಳೆಯ ಮೊತ್ತವನ್ನು ದಾಖಲೆಯಿಂದ ಬೇರೆಯಾಗಿ ಇಡಬೇಕೆಂಬುದು ಎರಡನೆಯ ಪಾಠ.

ಯಂತ್ರ ಹೋದರೆ ದಾಖಲೆಯೂ ಹೋಯಿತು

ದಾಖಲೆ ಉಳಿದು, ಓದುವ ಯಂತ್ರ ಇಲ್ಲವಾಗುವ ಸಂಕಟಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆ ಪ್ರಸಿದ್ಧವಾಗಿದೆ. 1086ರಲ್ಲಿ ಅಲ್ಲಿನ ದೊರೆ ವಿಲಿಯಂ ತೆರಿಗೆಯ ಅನುಕೂಲಕ್ಕಾಗಿ ಭೂಮಿಕಾಣಿಗಳ ಸಮೀಕ್ಷೆ ಮಾಡಿಸಿ ಡೂಮ್ಸ್‌ಡೇ ಪುಸ್ತಕವನ್ನು ಬರೆಸಿದನು. ಅದರ 900ನೇ ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿ ಸಂಸ್ಥೆಯು ಲೇಸರ್ ಡಿಸ್ಕ್‌ಗಳ ಮೇಲೆ ಹೊಸ ಸಮೀಕ್ಷೆಯೊಂದನ್ನು ಹೊರತಂದಿತು. ಶಾಲಾ ಮಕ್ಕಳೂ ಸೇರಿ ಲಕ್ಷಾಂತರ ಜನ ಇದಕ್ಕೆ ಮಾಹಿತಿ ಒದಗಿಸಿದರು. ಆ ಡಿಸ್ಕನ್ನು ಓದಲು ಅದಕ್ಕೆಂದೇ ಮಾಡಿದ ಯಂತ್ರವೂ ಅಂದಿನ ಒಂದು ನಿರ್ದಿಷ್ಟ ಗಣಕವೂ ಬೇಕಿತ್ತು. ಹದಿನಾರು ವರ್ಷ ಕಳೆಯುವಷ್ಟರಲ್ಲಿ, 2002ರ ಹೊತ್ತಿಗೆ, ಕೆಲಸ ಮಾಡುವ ಯಂತ್ರಗಳೇ ಅಪರೂಪವಾಗಿ, ವಿಶ್ವವಿದ್ಯಾಲಯಗಳ ಸಂಶೋಧಕರು ಶ್ರಮಪಟ್ಟು ಅದರ ಮಾಹಿತಿಯನ್ನು ಉಳಿಸಬೇಕಾಯಿತು. ಚರ್ಮದ ಹಾಳೆಯ ಮೇಲಿನ 1086ರ ಪುಸ್ತಕವನ್ನು ಮಾತ್ರ ಇಂದಿಗೂ ಓದಬಹುದು.

ಈಗಲೂ ಪರಿಸ್ಥಿತಿ ಬೇರೆಯಲ್ಲ. ದೊಡ್ಡ ಸಂಸ್ಥೆಗಳು ಬ್ಯಾಕಪ್ಪಿಗಾಗಿ ಬಳಸುವ ಎಲ್‌ಟಿಒ ಕಾಂತೀಯ ಟೇಪುಗಳು ಚೆನ್ನಾಗಿ ಬಾಳುತ್ತವೆ. ಆದರೆ 2017ರಲ್ಲಿ ಬಂದ ಎಂಟನೆಯ ತಲೆಮಾರಿನ ಯಂತ್ರ ಆರನೆಯ ತಲೆಮಾರಿನ ಟೇಪನ್ನು ಓದುವುದಿಲ್ಲ. ಸೋನಿ ಸಂಸ್ಥೆ 2011ರಲ್ಲಿ ತನ್ನ ತಾಯ್ನಾಡಾದ ಜಪಾನಿನಲ್ಲಿಯೇ ಫ್ಲಾಪಿ ಮಾರಾಟವನ್ನು ನಿಲ್ಲಿಸಿತು. ಕನ್ನಡದಲ್ಲಿ ಲೆಕ್ಕ, ಪತ್ರ ಬರೆಯುವವರಿಗೆ ಇನ್ನೂ ಒಂದು ತೊಡಕಿದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಆಯಾ ಫಾಂಟಿನ ಸಂಕೇತದಲ್ಲಿ ಟೈಪಿಸಿದ ಫೈಲುಗಳು, ಆ ಫಾಂಟು ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಸಂಕೇತಸೂಚಿಯನ್ನು ದಾಖಲೆಯ ಜೊತೆಯಲ್ಲಿಯೇ ಇಡಬೇಕೆಂಬುದು ಮೂರನೆಯ ಪಾಠ.

ಕಾನೂನು ಏನನ್ನು ಕೇಳುತ್ತದೆ?

2013ರ ಕಂಪನಿ ಕಾಯಿದೆಯ 128ನೇ ಕಲಮಿನಂತೆ ಕಂಪನಿಗಳು ಲೆಕ್ಕಪುಸ್ತಕಗಳನ್ನೂ ಅವುಗಳ ವೋಚರುಗಳನ್ನೂ ಹಿಂದಿನ ಎಂಟು ಹಣಕಾಸು ವರ್ಷಗಳಿಗೆ ಕಡಿಮೆಯಿಲ್ಲದಂತೆ ಕಾಪಾಡಬೇಕು. ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿ ದಿನವೂ ಭಾರತದೊಳಗಿನ ಸರ್ವರಿನಲ್ಲಿ ಸೇರಬೇಕೆಂದು 2022ರ ತಿದ್ದುಪಡಿ ವಿಧಿಸಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕ ತಂತ್ರಾಂಶವು ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕ ಸಹಿತ ದಾಖಲಿಸಬೇಕು, ಆ ವ್ಯವಸ್ಥೆಯನ್ನು ನಿಲ್ಲಿಸಲು ಅವಕಾಶವಿರಬಾರದು. ರಂಧ್ರಪಟ್ಟಿಯಲ್ಲಿ ತಾನಾಗಿಯೇ ಉಳಿಯುತ್ತಿದ್ದ ತಪ್ಪಿನ ಗುರುತನ್ನು ಇಂದು ಕಾನೂನಿನ ಮೂಲಕ ತರಬೇಕಾಗಿ ಬಂದಿದೆ. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೇ ಕಲಮಿನಂತೆ ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ದಾಖಲೆಗಳಿರಬೇಕು. ಮೇಲ್ಮನವಿ ಇದ್ದಲ್ಲಿ ಅದು ಇತ್ಯರ್ಥವಾದ ಮೇಲೆ ಒಂದು ವರ್ಷದವರೆಗೆ ಅಥವಾ ಈ ಅವಧಿಯವರೆಗೆ, ಯಾವುದು ಹೆಚ್ಚೋ ಅದು.

ಎಲ್ಲಕ್ಕಿಂತ ಮುಖ್ಯವಾದದ್ದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದ ಮುಂದಿಡುವಾಗ ಅದರೊಡನೆ ಪ್ರಮಾಣಪತ್ರ ಸಲ್ಲಿಸಬೇಕು. ಆ ಪತ್ರದ ನಮೂನೆಯಲ್ಲಿ ದಾಖಲೆಯ ಹ್ಯಾಶ್ ಮೌಲ್ಯವನ್ನೂ ಅದನ್ನು ಯಾವ ಕ್ರಮದಿಂದ ಪಡೆಯಲಾಯಿತೆಂಬುದನ್ನೂ ನಮೂದಿಸಲು ಸ್ಥಳವಿದೆ. ಹ್ಯಾಶ್ ಎಂದರೆ ಫೈಲಿನ ಬೆರಳ ಗುರುತು ಎಂದು ತಿಳಿಯಬಹುದು. ಫೈಲು ಎಷ್ಟೇ ದೊಡ್ಡದಿರಲಿ, ಎಸ್‌ಎಚ್‌ಎ-256 ಎಂಬ ಕ್ರಮದಿಂದ ಸಿಗುವ ಗುರುತು 32 ಬೈಟು ಮಾತ್ರ. ಒಳಗಿನ ಒಂದು ಅಂಕಿ ಬದಲಾದರೂ ಗುರುತು ಪೂರ್ತಿಯಾಗಿ ಬೇರೆಯಾಗುತ್ತದೆ. ನಾವು ಹೇಳುವ ತಾಳೆಯ ಮೊತ್ತದ ಬಲಿಷ್ಠ ರೂಪವೇ ಇದು. ರಂಧ್ರಪಟ್ಟಿಯ ಅಳತೆಯಲ್ಲಿ ಹೇಳುವುದಾದರೆ, ಇಡೀ ವರ್ಷದ ವ್ಯವಹಾರವನ್ನು ಕಾಯಬಲ್ಲ ಈ ಗುರುತಿಗೆ ಬೇಕಾಗುವ ಪಟ್ಟಿಯ ಉದ್ದ 3.2 ಅಂಗುಲ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಪ್ರತಿಯೊಬ್ಬರೂ ರಂಧ್ರ ಕೊರೆಯುವ ಯಂತ್ರ ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಅಂಥ ಯಂತ್ರಗಳು ಇಂದು ಹವ್ಯಾಸಿಗಳ ಬಳಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಉಳಿದಿವೆ. ಪಟ್ಟಿಯ ಗುಣಗಳನ್ನು ಇಂದಿನ ಸಾಧನಗಳಲ್ಲಿ ತಂದುಕೊಳ್ಳುವುದು ಸಾಧ್ಯ. ನನ್ನ ಕಕ್ಷಿದಾರರಿಗೆ ನಾನು ಈಗ ನೀಡುತ್ತಿರುವ ಸಲಹೆಗಳು ಹೀಗಿವೆ:

1. ವರ್ಷಾಂತ್ಯದ ತಾಳೆಪಟ್ಟಿ, ಅಡಾವೆ ಪತ್ರಿಕೆ, ಪಾಲುದಾರರ ಬಂಡವಾಳ ಖಾತೆ, ಸಾಲದ ಖಾತೆಗಳು, ಸ್ಥಿರಾಸ್ತಿ ಪಟ್ಟಿ ಇವಿಷ್ಟನ್ನು ಆಮ್ಲರಹಿತವಾದ ಒಳ್ಳೆಯ ಕಾಗದದ ಮೇಲೆ ಲೇಸರ್ ಮುದ್ರಕದಲ್ಲಿ ಮುದ್ರಿಸಿ, ಪುಟಸಂಖ್ಯೆ ಹಾಕಿ, ರುಜು ಮಾಡಿ, ಹೊಲಿಸಿ ಇಡಿ. ಶಾಖದಿಂದ ಮುದ್ರಿಸುವ ರಸೀದಿ ಕಾಗದದ ಅಕ್ಷರ ಮಾಸಿಹೋಗುವುದರಿಂದ ಮುಖ್ಯವಾದ ರಸೀದಿಗಳ ನಕಲು ತೆಗೆದಿಡಿ.

2. ತಂತ್ರಾಂಶದ ಸ್ವಂತ ಬ್ಯಾಕಪ್ಪನ್ನೇ ನಂಬಬೇಡಿ. ಖಾತಾವಹಿಯನ್ನು ಯಾವ ಗಣಕವೂ ತೆರೆಯಬಲ್ಲ ಸರಳ ಪಠ್ಯರೂಪದಲ್ಲಿಯೂ, ದೀರ್ಘಕಾಲದ ಸಂರಕ್ಷಣೆಗೆಂದೇ 2005ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಪಿಡಿಎಫ್/ಎ ರೂಪದಲ್ಲಿಯೂ ಹೊರತೆಗೆದು ಇಡಿ. ಕನ್ನಡದ ಬರಹ ಯೂನಿಕೋಡಿನಲ್ಲಿರಲಿ.

3. ಮೂರು ಪ್ರತಿ ಇರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಪೆನ್‌ಡ್ರೈವನ್ನು ವರ್ಷಗಟ್ಟಲೆ ಬೀರುವಿನಲ್ಲಿಟ್ಟು ಮರೆಯಬೇಡಿ. ಅದರೊಳಗಿನ ವಿದ್ಯುದಂಶ ಕಾಲಕ್ರಮದಲ್ಲಿ ಸೋರಿಹೋಗುತ್ತದೆ.

4. ವರ್ಷದ ಅಂತಿಮ ಫೈಲುಗಳ ಹ್ಯಾಶ್ ಮೌಲ್ಯವನ್ನು ಮುದ್ರಿಸಿ, ದಿನಾಂಕದೊಡನೆ ಎಲ್ಲ ಪಾಲುದಾರರೂ ರುಜು ಮಾಡಿ, ಒಂದು ಪ್ರತಿಯನ್ನು ಲೆಕ್ಕಪರಿಶೋಧಕರಿಗೆ ಕೊಡಿ. ಆದರೆ ಹ್ಯಾಶ್ ದಾಖಲೆಯ ಸಾಚಾತನವನ್ನು ತೋರಿಸುತ್ತದೆಯೇ ಹೊರತು ಕಳೆದ ದಾಖಲೆಯನ್ನು ಮರಳಿಸುವುದಿಲ್ಲ ಎಂಬುದು ನೆನಪಿರಲಿ.

5. ಹೊಲಿದ ಪ್ರತಿಯ ಮೊದಲ ಪುಟದಲ್ಲಿ ತಂತ್ರಾಂಶದ ಹೆಸರು, ಆವೃತ್ತಿ, ಫೈಲುಗಳ ವಿವರ, ಗುಪ್ತಪದ ಯಾರ ಸುಪರ್ದಿಯಲ್ಲಿದೆ ಎಂಬ ಟಿಪ್ಪಣಿ ಇರಲಿ. ಇದೇ ನಿಮ್ಮ ಸಂಕೇತಸೂಚಿ.

6. ವರ್ಷಕ್ಕೊಮ್ಮೆ ಹಳೆಯ ಒಂದು ಬ್ಯಾಕಪ್ಪನ್ನು ಬೇರೊಂದು ಗಣಕದಲ್ಲಿ ತೆರೆದು, ಯಾವುದಾದರೂ ಐದು ಖಾತೆಗಳನ್ನು ಮುದ್ರಿತ ಪ್ರತಿಯೊಡನೆ ತಾಳೆ ನೋಡಿ. ತೆರೆಯದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಈ ಆರು ಕ್ರಮಗಳಿಗೆ ವರ್ಷಕ್ಕೆ ಒಂದು ದಿನದ ಕೆಲಸವೂ ಒಂದಿಷ್ಟು ಕಾಗದವೂ ಸಾಕು. ಕಾನೂನು ಹೇಳುವ ಎಂಟು ವರ್ಷ, 72 ತಿಂಗಳುಗಳೆಲ್ಲ ತೆರಿಗೆ ಮತ್ತು ತನಿಖೆಗಳಿಗೆ ಸಂಬಂಧಿಸಿದವು. ಮನೆತನದ ವ್ಯಾಪಾರದಲ್ಲಿ ಹಕ್ಕಿನ ಪ್ರಶ್ನೆ ಏಳುವುದು ಅನೇಕ ವೇಳೆ ಅದಕ್ಕಿಂತ ಬಹಳ ತಡವಾಗಿ, ಲೆಕ್ಕ ಬರೆಸಿದವರು ಕಾಲವಾದ ಮೇಲೆ. ಆಗ ದಾಖಲೆಯನ್ನು ಓದಬೇಕಾದವರು ತಂತ್ರಜ್ಞರಲ್ಲ, ಮನೆಯಲ್ಲಿ ಉಳಿದವರು.

ಆ ಅಡಿಕೆ ಮಂಡಿ ಇಂದಿಗೂ ನಡೆಯುತ್ತಿದೆ. ಹಿರಿಯರ ಮಗಳು ಈಗ ಅಲ್ಲಿ ಪಾಲುದಾರರು. ಪ್ರತಿ ವರ್ಷ ಲೆಕ್ಕ ಮುಗಿದ ಮೇಲೆ ಹೊಲಿಗೆ ಹಾಕಿದ ಒಂದು ಪ್ರತಿಯನ್ನು ಅವರು ತಾಯಿಯ ಕೈಗೆ ಕೊಡುತ್ತಾರೆ. ಆ ತಾಯಿ ಕನ್ನಡಕ ಹಾಕಿಕೊಂಡು ತಮ್ಮ ಹೆಸರಿನ ಖಾತೆಯನ್ನು ಹುಡುಕಿ, ಬೆರಳಿಟ್ಟು ಓದಿ, ಮೊತ್ತವನ್ನು ನೋಡಿದ ಮೇಲೆ ಪುಸ್ತಕವನ್ನು ಟ್ರಂಕಿನಲ್ಲಿಡುತ್ತಾರೆ. ಆ ಪುಸ್ತಕಕ್ಕೆ ಹಾಕುವ ರುಜುಗಳಲ್ಲಿ ನನ್ನದೂ ಒಂದು.